ಬಂಗಡೆ ಬುಟ್ಟಿ

ರಾತ್ರಿ ಹನ್ನೊಂದೂವರೆ. ಬೈತಖೋಲದ ಸೊಸೈಟಿ ಕಚೇರಿಯಲ್ಲಿ
ಐಸ್ ಮಶೀನಿನ ಗೊರಕೆಗೆ ಗೋಡೆ ಸಣ್ಣಗೆ ನಡುಗುತ್ತಿದೆ.
ನಾನು ಬರೆಯುತ್ತಿರುವುದು ಬುಟ್ಟಿಗಳ ಲೆಕ್ಕ:
ಯಾವ ದೋಣಿ, ಯಾವ ಮೀನು, ಎಷ್ಟು ಕಿಲೋ,
ಯಾರ ತಲೆಯ ಮೇಲೆ.

ಬಂಗಡೆ ಒಂದು ಮೀನು, ಎಂದೆ. ಯಂತ್ರ ಒಪ್ಪಿತು.
ಹಾಗಾದರೆ ಬಂಗಡೆಯ ಬುಟ್ಟಿ ಮೀನಿನ ಬುಟ್ಟಿ, ಎಂದೆ.
ಅಡಿಯಲ್ಲಿ ಕೆಂಪು ಗೆರೆ ಎಳೆಯಿತು
ಮೂರನೇ ಇಯತ್ತೆಯ ಮಾಸ್ತರರ ಹಾಗೆ.

ಇದೆಂಥ ಹಠ?
ಮಾಜಾಳಿಯ ಮಣ್ಣಾಟದ ಮಕ್ಕಳೂ ಒಪ್ಪುವ ಮಾತು.
ಅಳಿಸಿದೆ, ಮತ್ತೆ ಬರೆದೆ, ಆವರಣ ಬದಲಿಸಿದೆ.
ಗೆರೆ ಕದಲಲಿಲ್ಲ.
ಯಂತ್ರಕ್ಕೆ ಮೀನಿನ ವಾಸನೆ ಗೊತ್ತಿಲ್ಲ ಎಂದು ಬೈದು
ಮೇಜಿನ ಮೇಲೇ ಮಲಗಿದೆ.

ಬೆಳಗಿನ ಜಾವ ಜೆಟ್ಟಿಯಲ್ಲಿ
ಬಲೆ ಬಿಡಿಸುವ ಹುಡುಗ ವಿಠೋಬ, ಮೊನ್ನೆಯಷ್ಟೇ ಸೇರಿದವನು,
ಶೇವಂತಿ ತಾಂಡೇಲಳ ಬುಟ್ಟಿ ತೋರಿಸಿ ಕೇಳಿದ,
'ಇದು ಮೀನಿಂದೇ ಅಲ್ವಾ?'
ಯಾರೋ ಹೂಂ ಅಂದರು.
ನಾನೇ. ಹತ್ತಿರ ಬೇರೆ ಯಾರೂ ಇರಲಿಲ್ಲ.

ಹಲಗೆಯ ಮೇಲೆ ಮಿಸುಕುತ್ತಿದ್ದ ಸಂಗಟವೊಂದನ್ನು
ಅವನು ಬಾಲ ಹಿಡಿದು ಒಳಗೆ ಹಾಕಿದ.
ಸಂಗಟವೂ ಮೀನೇ. ಮೀಸೆಯಿದೆ, ಮುಳ್ಳಿದೆ, ಮೀನೇ.

ಅವಳು ಬಂದಳು, ಯಾರದೋ ಸಾಲದ ಸುದ್ದಿ ಹೇಳುತ್ತ,
ಕೆಳಗೆ ನೋಡದೆ ಕೈ ಹಾಕಿದಳು.
ಬಂಗಡೆಗೆ ಕಣ್ಣು ಯಾಕೆ?
ಇಪ್ಪತ್ತೆಂಟು ವರ್ಷದ ಬೆರಳಿಗೆ ಅದರ ಬೆನ್ನು ಬಾಯಿಪಾಠ.

ಮುಳ್ಳು ಹೆಬ್ಬೆರಳ ಬುಡಕ್ಕೆ ಹೊಕ್ಕಿತು.

ಚಹಾದಂಗಡಿಯ ಬಿಸಿನೀರಿನಲ್ಲಿ ಕೈ ಅದ್ದಿ ಕೂತಳು.
ಬೈಯಲಿಲ್ಲ. ಅದೇ ಕಷ್ಟ.
'ತೆಗ್ಯೂಕೆ ಬಂದವ್ರಿಗೆ ಮೀನು ಅಂದ್ರೆ ಸಾಕು, ಬಾಯೆ.
ಹಾಕೂಕೆ ಬಂದವ್ರಿಗೆ ಬಂಗಡೆ ಅಂತ್ಲೇ ಹೇಳ್ಬೇಕು.'
ಆವಿಯ ಆಚೆ ಅವಳ ಮುಖ ಸರಿಯಾಗಿ ಕಾಣಲಿಲ್ಲ.

ಅದೇ ಮಧ್ಯಾಹ್ನ ಖಾನಾವಳಿಯವರು
ಬಂಗಡೆ ಕೊಯ್ಯಲು ಒಬ್ಬರನ್ನು ಕೇಳಿದರು.
ಇಸ್ವಾಣ, ನೊಗಲಿ, ಶೆಟ್ಲಿ, ಏನೇ ಕೊಟ್ಟರೂ ಕೊಯ್ಯುವ
ರುಕ್ಮಾ ಎದ್ದು ಹೋದಳು. ಯಾರದೂ ತಕರಾರಿಲ್ಲ.
ಸಂಜೆ ಮದುವೆ ಮನೆಯವರು
ಬಂದ ಮೀನನ್ನೆಲ್ಲ ಕೊಯ್ಯುವವರು ಬೇಕೆಂದಾಗ
ಬಂಗಡೆಯಷ್ಟೇ ಬಲ್ಲ ಅವಳ ಸೊಸೆ
ಸೆರಗು ಸಿಕ್ಕಿಸಿ ಎದ್ದವಳು
ಮತ್ತೆ ಕೂತಳು.

ಮೀನುಗಳೊಳಗೊಂದು ಬಂಗಡೆ, ಸರಿ.
ಕತ್ತಿ ಹಿಡಿದವರ ಸಾಲಿನಲ್ಲಿ ನಂಟು ತಿರುಗಿ ನಿಲ್ಲುತ್ತದೆ:
ಎಲ್ಲ ಬಲ್ಲ ಕೈ ಒಂದರ ಜಾಗಕ್ಕೆ ಹೋದೀತು,
ಒಂದೇ ಬಲ್ಲ ಕೈ ಎಲ್ಲದರ ಜಾಗಕ್ಕೆ ಸಾಲದು.
ಕಾಳಿಯ ಬಾಯಲ್ಲಿ ನಿಂತು ನೋಡಿ.
ಇಳಿತಕ್ಕೆ ಕಡಲ ಕಡೆ ಓಡಿದ ಅದೇ ನೀರು
ಉಬ್ಬರಕ್ಕೆ ಕಿನ್ನರದ ಕಡೆ ಮುಖ ಮಾಡುತ್ತದೆ.
ನದಿ ಅದೇ. ದಂಡೆ ಅದೇ.

ರಾತ್ರಿ ಮತ್ತೆ ಕೂತೆ.
ಹರಾಜಿನ ಹಲಗೆ ಬರೀ ತೋರಿಸುವಂಥದ್ದು, ಏನನ್ನೂ ಹಾಕಿಸಿಕೊಳ್ಳದು;
ಅದರ ಹೆಸರಿನ ಹಿಂದೆ 'ಹೊರಗೆ' ಎಂಬ ಪದ ಇಟ್ಟೆ.
ಕೊಯ್ಯುವವರ ಪಟ್ಟಿಗೆ 'ಒಳಗೆ'.
ಶೇವಂತಿಯ ಬುಟ್ಟಿಗೆ ಏನನ್ನೂ ಇಡಲಿಲ್ಲ.
ಹಾಕುವುದೂ ಉಂಟು ಅದಕ್ಕೆ, ತೆಗೆಯುವುದೂ ಉಂಟು.
ಬಂಗಡೆಯೆಂದರೆ ಬಂಗಡೆ.

ಕೆಂಪು ಗೆರೆಗಳು ಒಂದೊಂದಾಗಿ ಹೋದವು.
ಅವಳ ಹೆಬ್ಬೆರಳ ಬಾವು ಹತ್ತು ದಿನ ಉಳಿಯಿತು.

ಈಗ ಜೂನ್. ಬಲೆ ಬಂದ್.
ಜೆಟ್ಟಿಯ ಶೆಡ್ಡಿನಲ್ಲಿ ಬುಟ್ಟಿ ಬೋರಲು ಹಾಕಿ
ಅದರ ಮೇಲೆ ಕೂತು ಎಲೆ ಮೆಲ್ಲುತ್ತಿದ್ದಾಳೆ ಶೇವಂತಿ.
'ಇದೀಗ ಯಾವ ಮೀನಿನ ಬುಟ್ಟಿ, ನಿನ್ನ ಪೆಟ್ಟಿಗೇಲಿ?'
ಏನೂ ಇಲ್ಲದ ಬುಟ್ಟಿಗೂ ಒಂದು ಹೆಸರುಂಟು, ಹೇಳಿದೆ.
ಬಂಗಡೆಯದು ಎಂದರೂ ಸುಳ್ಳಲ್ಲ, ಏಡಿಯದು ಎಂದರೂ ಸುಳ್ಳಲ್ಲ;
ತೆಗೆಯುವವರ ಮುಂದೆ ಯಾವ ಸಾಲಿನಲ್ಲಿಟ್ಟರೂ
ಯಂತ್ರ ತುಟಿ ಪಿಟಕ್ಕೆನ್ನದು.

ಅವಳು ನಕ್ಕಳು, ಕೆಂಪಗೆ, ಪಕ್ಕಕ್ಕೆ ಉಗುಳಿ.
'ಹೌದು ಮತ್ತೆ. ಖಾಲಿ ಬುಟ್ಟಿಗೆ ಯಾರು ಜಗಳ ಆಡ್ತಾರೆ?'
ಸ್ವಲ್ಪ ಸರಿದು
ಕೂರಲು ನನಗೂ ಅಂಚು ಕೊಟ್ಟಳು.